ಹಸಿರು ಗೆರೆಯ ಮೇಲಿನ ಮುಳ್ಳು

ಮುಳ್ಳು ಬೀಳಲಿಲ್ಲ.

ಮೇಷ್ಟ್ರು ಗಾಜಿನ ಮೇಲೆ ಬೆರಳಲ್ಲಿ ಮತ್ತೆ ಕುಟ್ಟಿದರು. ಇಂಜಿನ್ ಇನ್ನೂ ಶುರುವಾಗಿರಲಿಲ್ಲ. ವಾರದಿಂದ ಶೆಡ್ಡಿನಲ್ಲಿ ತಣ್ಣಗೆ ಬಿದ್ದಿದ್ದ ಪುಟ್ಟ ವಿಮಾನ, ಈಗಷ್ಟೇ ಅಂಗಳಕ್ಕೆ ತಳ್ಳಿದ್ದು. ಆದರೂ ಎಣ್ಣೆಯ ಒತ್ತಡ ತೋರಿಸುವ ಮುಳ್ಳು, ಸೊನ್ನೆಯಲ್ಲಿ ಮಲಗಿರಬೇಕಾದದ್ದು, ಹಸಿರು ಗೆರೆಯ ಮೇಲೆ ನಿಂತು ‘ಎಲ್ಲ ಕ್ಷೇಮ’ ಎನ್ನುತ್ತಿತ್ತು.

ಪಕ್ಕದಲ್ಲಿ ಹೆಂಡತಿ ಬೆಲ್ಟು ಬಿಗಿದುಕೊಂಡು ಕೂತಿದ್ದಳು. ಕತ್ತಿಗೆ ನೀಲಿ ಸ್ಕಾರ್ಫು. ನಿನ್ನನ್ನು ಮೇಲೆ ಕರೆದೊಯ್ಯುತ್ತೇನೆಂದು ಮದುವೆಯಾದಾಗಿನಿಂದ ಹೇಳಿ ಹೇಳಿ ಮೇಷ್ಟ್ರ ನಾಲಿಗೆಗೇ ರೆಕ್ಕೆ ಮೂಡಿತ್ತು. ಅವಳ ಕಾಲು ಮಾತ್ರ ನೆಲ ಬಿಟ್ಟಿರಲಿಲ್ಲ.

ನಾಳೆ ಅವಳು ಅಕ್ಕನ ಮನೆಗೆ ಹೊರಟಿದ್ದಳು. ಎಷ್ಟು ದಿನಕ್ಕೆಂದು ಇವರು ಕೇಳಿರಲಿಲ್ಲ. ಈ ಸೆಕೆಯಲ್ಲಿ ಸ್ವೆಟರುಗಳೂ ಪೆಟ್ಟಿಗೆ ಸೇರಿದ್ದನ್ನು ನೋಡಿದ್ದರು. ‘ಹೋಗಬೇಡ’ ಎಂಬ ಒಂದು ಮಾತು ನೆಲದ ಮೇಲೆ ಬಾಯಿಗೆ ಬರಲೊಲ್ಲದು, ಮೇಲೆ ಹೋದರೆ ಬಂದೀತು ಎಂದು ಎಣಿಸಿದ್ದರು. ಕಾಲೇಜಿನಲ್ಲಿ ಗಣಿತ ಹೇಳುವವರು. ಮನೆಯ ಲೆಕ್ಕವನ್ನು ಆಕಾಶಕ್ಕೆ ಬಿಟ್ಟಿದ್ದರು.

“ಏನಾಯ್ತು?”

“ಮುಳ್ಳು.”

“ಹಸಿರಲ್ಲೇ ಇದೆಯಲ್ಲ.”

“ಅದೇ ತೊಂದರೆ.”

ಫ್ಲೈಯಿಂಗ್ ಕ್ಲಬ್ಬಿನ ಮೆಕ್ಯಾನಿಕ್ ಬಂದು ತಲೆ ಒಳಗೆ ತೂರಿಸಿದ. ಎಲ್ಲರೂ ಅವನನ್ನು ಮಾಮ ಎನ್ನುತ್ತಿದ್ದರು. ಯಾರ ಮಾಮನೋ ಯಾರಿಗೂ ಗೊತ್ತಿರಲಿಲ್ಲ.

“ಅಂಟ್ಕೊಂಡಿದೆ ಮೇಷ್ಟ್ರೇ. ಇಂಜಿನ್ ಶುರುವಾದ್ರೆ ಹೇಗೂ ಅಲ್ಲಿಗೇ ಬರ್ಬೇಕಲ್ಲ? ಪಾಪ, ಮುಂಚೆನೇ ಬಂದು ಕೂತಿದೆ. ಎಲೆ ಹಾಕೋಕೆ ಮುಂಚೆ ನಮ್ಮ ಅಳಿಯಂದ್ರು ಕೂತ್ಕೊಳ್ಳಲ್ವಾ, ಹಾಗೆ.”

“ಮೇಲೆ ಎಣ್ಣೆ ಸೋರಿಹೋದ್ರೂ ಹೀಗೇ ತೋರಿಸುತ್ತೆ.”

“ತೋರಿಸುತ್ತೆ. ನೆಲಕ್ಕೆ ಬಡಿಯೋವರೆಗೂ ನೆಮ್ಮದಿ.”

“ಇನ್ನೊಂದು ವಿಮಾನ?”

“ಚಕ್ರ ಬಿಚ್ಚಿದೀನಿ. ಅಮ್ಮಾವ್ರು ಇಷ್ಟು ದೂರ ಬಂದಿದಾರೆ, ಒಂದು ಸುತ್ತು ಹೋಗಿ ಬನ್ನಿ ಅಂತೀನಾ? ಅನ್ನಲ್ಲ. ಹೋಗ್ಬೇಡಿ ಅಂತಾನೂ ಅನ್ನಲ್ಲ. ಹಾರೋರು ನೀವು.”

ಮೇಷ್ಟ್ರು ಕೀಲಿಗೆ ಕೈಯಿಟ್ಟರು. ಕೀಲಿ ತಿರುಗಿಸಿದರೆ ಆಕಾಶ. ಆಕಾಶದಲ್ಲಿ ಆ ಮಾತು. ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

“ಇವತ್ತು ಬೇಡ.”

ಹೇಳಿದ್ದೇ ತಡ, ಪರೀಕ್ಷೆ ಮುಂದಕ್ಕೆ ಹೋದ ಹುಡುಗನಂತೆ ಮೈ ಹಗುರಾಯಿತು. ನಿರ್ಧಾರ ಸರಿಯಾಗಿತ್ತು, ಯಾರು ಕೇಳಿದರೂ ಸರಿ ಎನ್ನುವಂಥದ್ದು. ಆ ಹಗುರ ಮಾತ್ರ ಅವರಿಗೇ ಹಿಡಿಸಲಿಲ್ಲ.

ಮಾಮ ಶೆಡ್ಡಿಗೆ ಹೋದ. ಹೆಂಡತಿ ಬೆಲ್ಟು ಬಿಚ್ಚಲಿಲ್ಲ.

“ಮೇಲೆ ಹೋದ್ಮೇಲೆ ಏನೋ ಹೇಳ್ತೀನಿ ಅಂದಿದ್ರಿ.”

“ಹೌದು.”

“ಇಲ್ಲೇ ಹೇಳಿ. ಯಾರೂ ಇಲ್ಲ.”

ಮೇಷ್ಟ್ರು ಬಾಯಿ ತೆರೆದರು. ಗಾಳಿಗೆ ಶೆಡ್ಡಿನ ತಗಡು ಕಿರುಗುಟ್ಟಿತು.

“ಮೇಲಿಂದ ನಮ್ಮ ಮನೆ ಎಲ್ಲಿ ಕಾಣುತ್ತೆ ಅಂತ ತೋರಿಸೋಣ ಅಂತಿದ್ದೆ.”

“ಅಷ್ಟೇನಾ?”

“ಅಷ್ಟೇ.”

ಅವಳು ಬೆಲ್ಟು ಬಿಚ್ಚಿ, ಒಂದು ಕಾಲು ಹೊರಗಿಟ್ಟು, ತಿರುಗಿದಳು.

“ನಾನು ಹೋದ್ಮೇಲೆ ಒಬ್ರೇ ಇರ್ತೀರಲ್ಲ. ಪರವಾಗಿಲ್ವಾ?”

“ನನಗೇನು? ಆರಾಮಾಗಿರ್ತೀನಿ.”

ಅವಳು ಕೈ ಚಾಚಿ ಅವರ ಎದೆಯ ಮೇಲೆ, ಗಾಜಿಗೆ ಕುಟ್ಟುವಂತೆ, ಬೆರಳಲ್ಲಿ ಎರಡು ಸಲ ಕುಟ್ಟಿದಳು. ತುಸು ಕಾದಳು. ಮೇಷ್ಟ್ರು ಮುಗುಳ್ನಗುತ್ತಲೇ ಇದ್ದರು. ಇಳಿದು ಹೋದಳು.

ಬೇಲಿಯಾಚೆ ತಮ್ಮ ಕಾರು ಶುರುವಾದ ಸದ್ದು ಕೇಳಿತು. ಹೊರಟಳೋ, ಕಾಯುತ್ತಿದ್ದಾಳೋ ತಿಳಿಯಲಿಲ್ಲ. ಎದ್ದು ನೋಡಬಹುದಿತ್ತು. ಮೇಷ್ಟ್ರು ತಮ್ಮ ಬೆಲ್ಟನ್ನು ಇನ್ನಷ್ಟು ಬಿಗಿದರು. ಎದುರಿಗೆ, ತಣ್ಣನೆಯ ಇಂಜಿನ್ನಿನ ಹಿಂದೆ, ಮುಳ್ಳು ಹಸಿರು ಗೆರೆಯ ಮೇಲೆ ಅಲುಗದೆ ನಿಂತಿತ್ತು.