ಬಿರೀಕಿನ ಮೇಲಿನ ಕೆಂಪು ಅರಗು

ರಾಮಲಿಂಗಯ್ಯನ ಸಾರೋಟು ಬೀದಿಗೆ ತಿರುಗಿದ್ದನ್ನು ರಹೀಮಾ ಶಬ್ದದಿಂದಲೇ ಗುರುತು ಹಿಡಿದಳು. ಹಿಂದಿನ ಎಡಗಾಲಿ ಸುತ್ತಿಗೊಮ್ಮೆ ಕೀರಲು ದನಿ ತೆಗೆಯುವುದು ಆ ಗಾಡಿಯ ಹಳೆಯ ಚಾಳಿ. ಗಂಡ ಹುಸೇನ್ ಅದನ್ನು ಓಡಿಸುತ್ತಿದ್ದ ಕಾಲದಲ್ಲಿ ಆ ದನಿ ಕೇಳಿದ ಮೇಲೆಯೇ ಅವಳು ಒಲೆಯ ಮೇಲೆ ಹೆಂಚಿಡುತ್ತಿದ್ದಳು. ಈಗ ಹುಸೇನ್ ಮಣ್ಣಿನಡಿ ಇದ್ದ. ಗಾಡಿ ಮಾತ್ರ ರಿಪೇರಿಯಾಗಿ ಓಡಾಡುತ್ತಿತ್ತು. ಬೊಂಬೆಗೆ ಹೊಳಪು ಕೊಡಲು ಕೈಯಲ್ಲಿ ಹಿಡಿದಿದ್ದ ಕೇದಗೆಯ ಗರಿಯನ್ನು ಕೆಳಗಿಟ್ಟು, ಅವಳು ಬಾಗಿಲಿಗೆ ಕಟ್ಟಿದ್ದ ಗೋಣಿ ಪರದೆಯ ಹರಕಿಗೆ ಕಣ್ಣು ಹಚ್ಚಿದಳು.

ಸಾರೋಟು ಅವಳು ಈಗಿರುವ ಮನೆಗೆ, ಬೊಂಬೆಗೆ ಅರಗು ಹಿಡಿಸುವ ಅವಳ ಅಣ್ಣ ಅಸದುಲ್ಲಾನ ಅಂಗಳಕ್ಕೇ ಬಂದು ನಿಂತಿತು. ಚನ್ನಪಟ್ಟಣದ ಬೊಂಬೆಗಳನ್ನು ಮೈಸೂರಿಗೆ ಸಾಗಿಸುವ ವ್ಯಾಪಾರಿ ರಾಮಲಿಂಗಯ್ಯ. ತನ್ನ ಗಾಡಿಯನ್ನೂ ಅವನು ಬೊಂಬೆಯಂತೆಯೇ ಸಿಂಗರಿಸಿದ್ದ. ಗಾಲಿಯ ಕಡ್ಡಿಗಳಿಗೆ ಹಳದಿ, ನಡುವಿನ ಗುಂಬಗಳಿಗೆ ಹಸಿರು, ಗಾಲಿಗೆ ಒತ್ತಿ ಗಾಡಿ ನಿಲ್ಲಿಸುವ ಬಿರೀಕಿನ ಮರದ ತುಂಡುಗಳಿಗೂ ಕೆಂಪು ಅರಗು.

"ಅಸದುಲ್ಲಾ, ಯಾವಾಗಲೂ ಅರಗು ಹಿಡಿಸುವ ನಮ್ಮ ಬೀದಿಯವನಿಗೆ ಜ್ವರ. ಈ ಬಿರೀಕಿನ ತುಂಡಿಗೆ ಮಾಮೂಲಿನಂತೆ ದಪ್ಪಗೆ ಅರಗು ಹಿಡಿಸಿಕೊಡು. ಸವೆದು ಹೋಗಿದೆ. ಜೊತೆಗೆ ಒಂದು ಸಲ ಬಿರೀಕನ್ನೂ ನೋಡಿಬಿಡು. ಈ ದಾಸ ಬೇರೆ ರಾಗ ತೆಗೀತಾನೆ," ಎಂದ ರಾಮಲಿಂಗಯ್ಯ.

"ರಾಗ ಅಲ್ಲ ಬುದ್ದಿ," ಎಂದ ಗಾಡಿ ಹೊಡೆಯುವ ದಾಸಪ್ಪ, ತಲೆ ಕೆರೆದುಕೊಳ್ಳುತ್ತ. "ಅಂಗಳದಾಗೆ ಗಪ್ ಅಂತ ಹಿಡೀತೈತೆ. ಇಳಿಜಾರಿಗೆ ಬಂದ್ರೆ ಮೊದ್ಲು ಒಸಿ ಹಿಡ್ದಂಗೆ ಮಾಡಿ ಆಮ್ಯಾಕೆ ಕೈ ಬುಟ್ಬುಡ್ತೈತೆ. ಮೊನ್ನೆ ನನ್ ಜೀವ ಬಾಯಿಗೆ ಬಂದ್ಬುಟ್ಟಿತ್ತು."

ರಾಮಲಿಂಗಯ್ಯ ನಕ್ಕ. "ಕೇಳಿದೆಯಾ? ನಿನ್ನ ತಂಗಿ ಗಂಡನೂ ಇದನ್ನೇ ಹೇಳ್ತಿದ್ದ. ಅವನೋ ಹೆಂಡ ಹಾಕಿಕೊಂಡಿದ್ದ. ಇವನಿಗೆ ಏನು ರೋಗವೋ!"

ಪರದೆಯ ಹಿಂದೆ ರಹೀಮಾ ಹಲ್ಲು ಕಚ್ಚಿದಳು.

ಹುಸೇನ್ ಈಚಲು ಮರದ ನೆರಳಿಗೂ ನಿಲ್ಲದ ಮನುಷ್ಯ. ಬೈರಾಪಟ್ಟಣದ ದಾರಿಯ ಇಳಿಜಾರಿನಲ್ಲಿ ಗಾಡಿಯ ಕೆಳಗೆ ಸಿಕ್ಕಿದವನನ್ನು ಮನೆಗೆ ತಂದು ಮಲಗಿಸಿದಾಗ ಅವನ ಬಾಯಲ್ಲಿದ್ದದ್ದು ಒಂದೇ ಮಾತು: 'ಬಿರೀಕು ಹಿಡೀಲಿಲ್ಲ.' ಉಸಿರು ನಿಲ್ಲುವವರೆಗೂ ಅದನ್ನೇ ಅಂದ. ಅಷ್ಟರೊಳಗೆ ರಾಮಲಿಂಗಯ್ಯ ಬೀದಿಯ ಮೂಲೆಯಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ, ಸಾಬಿ ಕುಡಿದಿದ್ದ ಎಂದು ಹೇಳಿಯಾಗಿತ್ತು. ಅಂಗಳದಲ್ಲಿ ಬಿರೀಕು ಹಾಕಿ ತೋರಿಸಿದ್ದ, ಗಾಲಿ ಅಲ್ಲಾಡಿರಲಿಲ್ಲ. ಜನ ನಂಬಿದರು. ಜನಾಜಾಕ್ಕೆ ಹೆಗಲು ಕೊಡಲು ಅಸದುಲ್ಲಾ ಮನೆಮನೆಗೆ ಹೋಗಿ ಕರೆಯಬೇಕಾಯಿತು. ಇಂದಿಗೂ ಬಾವಿಯ ಹತ್ತಿರ ಅವಳಿಗೆ ಹೆಸರಿಲ್ಲ. 'ಕುಡುಕನ ಹೆಂಡ್ತಿ ಬಂದ್ಳು, ಜಾಗ ಬಿಡಿ' ಅನ್ನುತ್ತಾರೆ.

ರಾಮಲಿಂಗಯ್ಯ ಪೇಟೆಯ ಕಡೆ ನಡೆದ. ದಾಸಪ್ಪ ಕುದುರೆ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋದ. ರಹೀಮಾ ಹೊರಗೆ ಬಂದಳು.

"ಭಾಯ್, ಕೀಲು ನೋಡಿದೆಯಾ?"

"ಕೀಲು ಸರಿ ಇದೆ. ಸರಳು ಬಾಗಿಲ್ಲ. ಹಿಡಿಕೆ ಎಳೆದರೆ ಎರಡೂ ತುಂಡು ಗಾಲಿಗೆ ಸಮವಾಗಿ ಕೂರುತ್ತವೆ." ಅಸದುಲ್ಲಾ ಗಾಡಿಯ ಅಡಿಯಿಂದ ತೆವಳಿಕೊಂಡು ಬಂದ. "ಏನೂ ದೋಷ ಕಾಣಲ್ಲ, ರಹೀಮಾ."

ಅವಳು ಗಾಲಿಯ ಕಬ್ಬಿಣದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಧೂಳಿನಡಿಯಲ್ಲಿ ಏನೋ ನುಣುಪು. ಉಗುರಿನಿಂದ ಕೆರೆದಳು, ತೆಳ್ಳಗೆ, ಕೆಂಪಗೆ ಎದ್ದು ಬಂತು. ಮೂಗಿಗೆ ಹಿಡಿದಳು. ಹುಟ್ಟಿದಾಗಿನಿಂದ ಉಸಿರಾಡಿದ ವಾಸನೆ ಅದು.

"ಅಚ್ಚಿನ ಕೆಳಗೆ ಒರಳು ಕೊಟ್ಟು ಗಾಲಿ ಎತ್ತು. ನೀನು ತಿರುಗಿಸು. ನಾನು ಹಿಡಿಕೆ ಎಳೀತೀನಿ. ನಿಲ್ಲಿಸಬೇಡ, ಇಳಿಜಾರು ಎಷ್ಟು ಉದ್ದವೋ ಅಷ್ಟು ಹೊತ್ತು ತಿರುಗಿಸು."

ಅಸದುಲ್ಲಾ ಕಡ್ಡಿ ಹಿಡಿದು ಬಲವಾಗಿ ತಿರುಗಿಸಿದ. ಮೊದಲು ಗಾಲಿ ತಿಣುಕಿತು, ಅವನ ತೋಳಿನ ನರ ಉಬ್ಬಿದವು. ಅವಳು ಹಿಡಿಕೆ ಸಡಿಲಿಸಲಿಲ್ಲ. ಬರಬರುತ್ತ ಬೆಚ್ಚನೆಯ ಅರಗಿನ ವಾಸನೆ ಅಂಗಳದಲ್ಲೆಲ್ಲ ಹರಡಿತು. ಒಮ್ಮೆಲೇ ಗಾಲಿ ಹಗುರಾಯಿತು. ಹಿಡಿಕೆ ಅಷ್ಟೇ ಬಿಗಿಯಾಗಿದ್ದರೂ ಅದು ಎಣ್ಣೆಯಲ್ಲಿ ಜಾರಿದಂತೆ ಸರಾಗವಾಗಿ ಸುತ್ತತೊಡಗಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಬೀದಿಯ ಅನ್ನವೇ ಅದು. ಇಲ್ಲಿ ಒತ್ತಿದ್ದು ಮರ, ತಿರುಗಿದ್ದು ಕಬ್ಬಿಣ, ಕರಗಿದ್ದು ಅದೇ ಅರಗು. ಬೋಳು ಮರವನ್ನು ಹೊರಗೆ ಕಳಿಸುವುದು ನಾಚಿಕೆ ಎಂದುಕೊಳ್ಳುವ ಊರಿನಲ್ಲಿ ಬಿರೀಕಿಗೆ ಅರಗು ಬೇಡ ಎನ್ನಲು ಯಾರಿಗೂ ತೋಚಿರಲಿಲ್ಲ. ಗಾಡಿ ತಣ್ಣಗಾಗಿ ಅರಗು ಗಟ್ಟಿಯಾದ ಮೇಲೆ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣಿಸಿತ್ತು.

"ಯಾ ಅಲ್ಲಾ," ಅಂದ ಅಸದುಲ್ಲಾ. "ಸಾವ್ಕಾರರಿಗೆ ಹೇಳೋಣ. ಕೆರೆದು ಬೋಳು ಮಾಡಿಬಿಡ್ತೀನಿ."

"ಬೇಡ."

"ಏನು ಬೇಡ?"

"ಅವರು ಏನು ಕೇಳಿದರು? ದಪ್ಪಗೆ ಅರಗು ಹಿಡಿಸು ಅಂದರು. ಹಿಡಿಸು."

"ರಹೀಮಾ, ಇದು ಜೀವದ ಮಾತು."

"ಅಂದು ಹೋಗಿದ್ದು ಏನು, ಕೋಳಿಯಾ?" ಅವಳ ದನಿ ಏರಲಿಲ್ಲ. "ನೀನು ಹಿಡಿಸದಿದ್ದರೆ ನಾನೇ ಹಿಡಿಸ್ತೀನಿ."

ಅಸದುಲ್ಲಾ ತಂಗಿಯ ಮುಖ ನೋಡಿದ. ತುಂಡುಗಳನ್ನು ಬಿಚ್ಚಿ ಅರಗು ಹಿಡಿಸಿದ. ಹೊಳಪು ಕೊಟ್ಟವಳು ಅವಳು. ಕೇದಗೆಯ ಗರಿಯಿಂದ ಉಜ್ಜಿದಳು, ಮತ್ತೆ ಉಜ್ಜಿದಳು. ಅದರಲ್ಲಿ ತನ್ನ ಮುಖ ಕೆಂಪಗೆ ಕಂಡಾಗ ನಿಲ್ಲಿಸಿದಳು.

ಆದರೆ ದಾಸಪ್ಪ ಕುದುರೆಯೊಡನೆ ಹಾಡಿಕೊಳ್ಳುತ್ತ ಮರಳಿದಾಗ, ಒಳಗೆ ಹೋಗುತ್ತಿದ್ದವಳು ಹೊಸ್ತಿಲಲ್ಲೇ ನಿಂತಳು. ಹಿಡಿಕೆ ಹಿಡಿಯುವವನು ಇವನಲ್ಲವೇ? ಬೈರಾಪಟ್ಟಣದಲ್ಲಿ ಇವನಿಗೂ ಹೆಂಡತಿ ಇದ್ದಾಳೆ, ಬೋರಮ್ಮ. ನಾಳೆ ಅವಳ ಬಾವಿಯಲ್ಲೂ ಅದೇ ಮಾತು ಹುಟ್ಟುತ್ತದೆ.

ರಾಮಲಿಂಗಯ್ಯ ಬಂದ. ಮತ್ತೆ ಗಾಡಿಗೆ ಕೂರಿಸಿದ್ದ ತುಂಡುಗಳ ಹೊಳಪು ನೋಡಿ ತಲೆದೂಗಿದ. ದಾಸಪ್ಪ ಕುದುರೆ ಕಟ್ಟಿ ಗಾಡಿ ಹತ್ತಿ ಕೂತ. ಅಸದುಲ್ಲಾ ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ರಹೀಮಾ ಮಾತಾಡಿದಳು. ಎದುರು ಜಗಲಿಯ ತಾಜ್ ಪಾಷಾನಿಗೂ, ಅವನ ಸುತ್ತ ಕೂತವರಿಗೂ ಕೇಳುವಷ್ಟು ಗಟ್ಟಿಯಾಗಿ.

"ಸ್ವಾಮಿ, ಬಿರೀಕಲ್ಲಿ ತಪ್ಪಿಲ್ಲ, ಹೊಡೆಯೋರಲ್ಲೇ ತಪ್ಪು ಅಂತೀರಿ. ಹಾಗಾದರೆ ಇವತ್ತು ತಾವೇ ಹೊಡೀರಿ. ದಾಸಪ್ಪ ಇಲ್ಲೇ ಇರಲಿ. ನನ್ನ ಗಂಡ ಕುಡಿದಿದ್ದದ್ದು ನಿಜವೇ ಆದರೆ ತಮ್ಮ ಕೈಯಲ್ಲಿ ಗಾಡಿ ನಿಲ್ಲಬೇಕಲ್ಲ?"

ತಾಜ್ ಪಾಷಾ ಕೊಕ್ಕೆ ಹಾಕಿದ. "ಸಾವ್ಕಾರ್ರಿಗೆ ಹಿಡಿಕೆ ಯಾವ ಕಡೆ ಅಂತ ಗೊತ್ತಿರಬೇಕಲ್ಲಮ್ಮ!"

ಜಗಲಿ ನಕ್ಕಿತು. ರಾಮಲಿಂಗಯ್ಯನ ಕಿವಿ ಕೆಂಪಾಯಿತು. "ಇಳಿಯೋ ದಾಸ. ಕುಡಿಯದವನು ಗಾಡಿ ಹೊಡೆಯೋದು ಹೆಂಗೆ ಅಂತ ನೋಡ್ಲಿ ಎಲ್ರೂ. ಬೈರಾಪಟ್ಟಣದವರೆಗೂ ಹೋಗಿ ಬರ್ತೀನಿ."

"ಬುದ್ದಿ, ಬ್ಯಾಡಿ..."

"ಇಳಿಯೋ!"

ಸಾರೋಟು ಹೊರಟಿತು. ಎಡಗಾಲಿಯ ದನಿ ಬೀದಿಯ ಕೊನೆಯವರೆಗೂ ಕೇಳಿಸಿ ಅಡಗಿತು. ಅಸದುಲ್ಲಾ ಅಂಗಳದಲ್ಲೇ ಕುಕ್ಕರಿಸಿದ. ರಹೀಮಾ ಇನ್ನೊಂದು ಬೊಂಬೆ ಕೈಗೆತ್ತಿಕೊಂಡಳು. ಈಗ ಕೆರೆಯ ಏರಿ ದಾಟಿರಬೇಕು. ಈಗ ಇಳಿಜಾರಿನ ತಲೆ. ಈಗ ವಾಸನೆ ಬಂದಿರಬೇಕು. ಸಾಯಲಿ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬದುಕಲಿ ಅಂತಲೂ ಅವಳ ಮನಸ್ಸು ಒಮ್ಮೆಯೂ ಅನ್ನಲಿಲ್ಲ.

ಹೊತ್ತು ಇಳಿಯುವಾಗ ಯಾರದೋ ಎತ್ತಿನಗಾಡಿ ಬಂತು. ಹುಲ್ಲಿನ ಮೇಲೆ ರಾಮಲಿಂಗಯ್ಯ ಮಲಗಿದ್ದ. ಮೈಯೆಲ್ಲ ಕೆಸರು, ಒಂದು ಕಾಲು ತಿರುಚಿಕೊಂಡಿತ್ತು. ಹಿಂದೆ ಕುದುರೆ ಮೊಣಕಾಲಿನಿಂದ ರಕ್ತ ಸುರಿಸಿಕೊಂಡು ಕುಂಟುತ್ತಿತ್ತು. ಬೀದಿಯೇ ನೆರೆಯಿತು.

"ಬಿರೀಕು... ಬಿರೀಕು ಹಿಡೀಲಿಲ್ಲ," ಎಂದು ನರಳಿದ ರಾಮಲಿಂಗಯ್ಯ.

ಪರದೆ ಸರಿಯಿತು. ರಹೀಮಾ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊಸ್ತಿಲಿನ ಮೇಲೆ ಬಂದು ನಿಂತಳು. "ಏನಂದ್ರಿ ಸ್ವಾಮಿ? ಕೇಳಿಸಲಿಲ್ಲ."

"ಹಿಡೀಲಿಲ್ಲ ಅಂದೆನಮ್ಮ! ಇದ್ದ ಶಕ್ತಿಯೆಲ್ಲ ಹಾಕಿ ಎಳೆದೆ. ದೇವರಾಣೆ, ಬಿರೀಕು ಹಿಡೀಲಿಲ್ಲ!"

"ತಾವು ಏನಾದ್ರೂ ಕುಡಿದಿದ್ರಾ?"

ತಾಜ್ ಪಾಷಾ ಮೆಲ್ಲಗೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವನೂ ಜನಾಜಾಕ್ಕೆ ಬರದವನೇ.

"ಹುಸೇನನೂ ಇದನ್ನೇ ಹೇಳ್ತಿದ್ದ," ಎಂದ ಅವನು, ನೆಲ ನೋಡುತ್ತ. "ಇದೇ ಮಾತು."

ರಾಮಲಿಂಗಯ್ಯ ಮೊಣಕೈ ಊರಿ ಎದ್ದ. ಅವನ ಕಣ್ಣು ಅಸದುಲ್ಲಾನಿಂದ ಅವಳ ಕಡೆಗೆ, ಅವಳಿಂದ ಅರಗು ಅಂಟಿದ್ದ ಅವಳ ಕೆಂಪು ಬೆರಳುಗಳ ಕಡೆಗೆ ಸರಿಯಿತು. "ನಿನಗೆ... ನಿನಗೆ ಗೊತ್ತಿತ್ತಾ?"

"ನಾನು ಕುಡುಕನ ಹೆಂಡ್ತಿ. ನನಗೇನು ಗೊತ್ತು, ಸ್ವಾಮಿ."

ಎತ್ತಿನಗಾಡಿ ಮುಂದೆ ಹೋಯಿತು. ದಾಸಪ್ಪ ಕುದುರೆಯ ಕತ್ತು ತಬ್ಬಿಕೊಂಡು ಅಳುತ್ತಿದ್ದ. ರಹೀಮಾ ಒಳಗಿನಿಂದ ಅರಿಸಿನವನ್ನೂ ಹಳೆಯ ಬಟ್ಟೆಯನ್ನೂ ತಂದು ಅವನ ಹತ್ತಿರ ಇಟ್ಟಳು. ಕುದುರೆಯ ಕಣ್ಣನ್ನು ಮಾತ್ರ ನೋಡಲಾರದೆ ಹೋದಳು. ಹುಸೇನ್ ಕೈಯಾರೆ ಹುಲ್ಲು ತಿನ್ನಿಸಿ ಬೆಳೆಸಿದ ಕುದುರೆ ಅದು.

"ದಾಸಪ್ಪ," ಅಂದಳು, "ಇನ್ನು ಮೇಲೆ ಯಾವ ಗಾಡಿ ಹೊಡೆದರೂ ಬಿರೀಕಿನ ಮರ ಬೋಳಾಗಿರಲಿ. ಯಾರು ಏನೇ ಹೇಳಲಿ."

ಮರುದಿನ ಬಾವಿಗೆ ಹೋದಾಗ ಹೆಂಗಸರು ಜಾಗ ಬಿಟ್ಟರು. "ಬಾ ರಹೀಮಾ," ಅಂದಳು ಯಾರೋ. ಅವಳು ಯಾರೆಂದು ತಿರುಗಿ ನೋಡಲಿಲ್ಲ. ಕೊಡ ಇಳಿಬಿಟ್ಟು, ಹಗ್ಗವನ್ನು ಬೆರಳಿನ ನಡುವೆ ಬಿಗಿಯಾಗಿ ಹಿಡಿದುಕೊಂಡಳು.