ಮೂವತ್ತನಾಲ್ಕರ ವರ್ನಾ

"ವರ್ನಾ, ಈ ಮನೇಲಿ ಕೂಸು ಯಾರು?"

ಲಾಯ್ಡ್ ಬಾಗಿಲಲ್ಲೇ ನಿಂತು ಬೂಟಿನ ಹಿಮ ಕೊಡವುತ್ತ ಕೇಳಿದ. ಕಂಕುಳಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ಹೆಂಡತಿಯ ಹೆಸರು, ಶೆಬಾಯ್ಗನ್ ಊರಿನ ತಮ್ಮದೇ ಮನೆಯ ವಿಳಾಸ, ಪಕ್ಕದಲ್ಲಿ ಬೊಚ್ಚುಬಾಯಿ ಬಿಟ್ಟು ನಗುವ ಮಗುವಿನ ಚಿತ್ರ.

ವರ್ನಾ ಟ್ಯಾಬಿನಿಂದ ತಲೆ ಎತ್ತಲಿಲ್ಲ. "ನಂದೇ. ನಾಲ್ಕು ತಿಂಗಳಾಯ್ತು. ನಿಂಗೆ ಹೇಳೋದು ಮರ್ತೇಬಿಟ್ಟೆ."

"ಅಪ್ಪ ಯಾರು ಅಂತ ಕೇಳಬಹುದಾ?"

"ಇನ್ಯಾರು, ನೀನೇ. ಆದ್ರೆ ಅಲ್ಲಿ ನಿಂಗೆ ಮೂವತ್ತಾರು. ತಲೆ ತುಂಬ ಕೂದ್ಲಿದೆ."

ಇಪ್ಪತ್ತೇಳು ವರ್ಷ ಶಾಲೆಯ ಬಸ್ಸು ಓಡಿಸಿದ ವರ್ನಾಗೆ ಮಂಡಿನೋವು ಬಂದು ಮನೆಯಲ್ಲಿ ಕೂತ ಮೇಲೆ ಹತ್ತಿದ ಗೀಳು ಇದು. ಸೋಪಿನ ಬಗ್ಗೆ, ಸೂಪಿನ ಬಗ್ಗೆ ಕಂಪನಿಗಳು ಕೇಳುವ ಪ್ರಶ್ನೆಗಳಿಗೆ ಒಂದು ಜಾಲತಾಣದಲ್ಲಿ ಕೂತು ಉತ್ತರ ಕೊಟ್ಟರೆ ಪಾಯಿಂಟು; ಪಾಯಿಂಟು ಸೇರಿದರೆ ಅಂಗಡಿಯ ಗಿಫ್ಟ್ ಕಾರ್ಡು. ಕ್ರಿಸ್‌ಮಸ್ ಉಡುಗೊರೆಗಳಿಗೆ ಪಿಂಚಣಿ ಮುಟ್ಟಬಾರದೆಂಬುದು ಅವಳ ಹಟ. ಹೋದ ವರ್ಷ ಎಲ್ಲವನ್ನೂ ನಿಜವೇ ಬರೆದಿದ್ದಳು. ಅರವತ್ತಾರು ಎಂದು ಒತ್ತಿದೊಡನೆ, ಕ್ಷಮಿಸಿ, ಈ ಸಮೀಕ್ಷೆ ನಿಮಗಲ್ಲ ಎಂದು ಹೊರಗೆ ತಳ್ಳುತ್ತಿತ್ತು. "ವಯಸ್ಸಾದೋರು ಹಲ್ಲುಜ್ಜಲ್ವಂತಾ?" ಎಂದು ಅವಳು ಟ್ಯಾಬಿಗೇ ಬೈದಿದ್ದುಂಟು. ಈ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಜೀವಮಾನದಲ್ಲಿ ಒಂದು ಸುಳ್ಳು ರಜೆಚೀಟಿಯನ್ನೂ ಬರೆಯದಿದ್ದ ಹೆಂಗಸು, ಮೂವತ್ತನಾಲ್ಕು ಎಂದು ಒತ್ತಿಬಿಟ್ಟಳು. ಮಗು ಇದೆಯೇ ಎಂದಿತು. ಇದೆ ಎಂದಳು. ಅಂದಿನಿಂದ ಬಾಗಿಲುಗಳೆಲ್ಲ ತೆರೆದುಕೊಂಡವು.

ಮಗನ ಮೂವರು ಮಕ್ಕಳ ಉಡುಗೊರೆಗಳು ನವೆಂಬರಿಗೇ ಬಂದು ಕಪಾಟು ಸೇರಿದ್ದವು. ಉಳಿದದ್ದು ಮಗಳು ಡೀನಾಳದು. ಎರಕದ ಕಬ್ಬಿಣದ ಕೆಂಪು ಪಾತ್ರೆ. ಅಂಗಡಿಯಲ್ಲಿ ಡೀನಾ ಅದರ ಮುಚ್ಚಳ ಸವರಿ, ಬೆಲೆ ನೋಡಿ, ಏನೂ ಆಗದವಳಂತೆ ಮುಂದೆ ಹೋದದ್ದನ್ನು ವರ್ನಾ ಕಂಡಿದ್ದಳು. ಪೆಟ್ಟಿಗೆಯಲ್ಲಿ ಬಂದ ಈ ಡೈಪರುಗಳನ್ನು ಪರೀಕ್ಷಿಸಿ ವರದಿ ಕೊಟ್ಟರೆ ಆ ಪಾತ್ರೆಗೆ ಬೇಕಾದಷ್ಟು ಪಾಯಿಂಟು ಒಮ್ಮೆಗೇ ಸಿಗುತ್ತಿತ್ತು.

"ಪರೀಕ್ಷೆ ಅಂದ್ರೆ? ಯಾರು ಹಾಕ್ಕೋಬೇಕು?" ಲಾಯ್ಡ್ ಒಂದು ಹೆಜ್ಜೆ ಹಿಂದೆ ಸರಿದ.

"ಹೆದರ್ಬೇಡ, ನಿನ್ನ ಅಳತೇದು ಕಳಿಸಿಲ್ಲ."

ಲಾಯ್ಡ್ ಎರಕದ ಕಾರ್ಖಾನೆಯಲ್ಲಿ ಬಿರುಕು ಹುಡುಕುವ ಕೆಲಸದಲ್ಲಿದ್ದವನು. ಮಾಡಿದರೆ ನೆಟ್ಟಗೆ ಮಾಡಬೇಕು ಎಂದು ಶನಿವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಎರಡು ಬಗೆಯ ಡೈಪರುಗಳನ್ನೂ ಸಾಲಾಗಿ ಹರಡಿದ. ಉಗುರುಬೆಚ್ಚಗಿನ ನೀರಿಗೆ ನೀಲಿ ಬಣ್ಣ ಬೆರೆಸಿ, ಅಳತೆ ಲೋಟದಲ್ಲಿ ಸುರಿದು, ಗಡಿಯಾರ ನೋಡುತ್ತ, ಕನ್ನಡಕ ಮೂಗಿನ ತುದಿಗಿಳಿಸಿ ಬರೆದುಕೊಳ್ಳತೊಡಗಿದ. ವರ್ನಾ ಪಕ್ಕದಲ್ಲಿ ಕಾಫಿ ಹಿಡಿದು ನಗುತ್ತ ನಿಂತಿದ್ದಳು.

ಹಿಂಬಾಗಿಲು ತೆರೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಡೀನಾ ಕೋಟು ಕೂಡ ಬಿಚ್ಚದೆ ಮೇಜನ್ನೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. "ಯಾರು ಹೇಳಿದ್ರು ನಿಮ್ಗೆ?"

"ಏನನ್ನ ಕಂದಾ?"

"ಅಮ್ಮ, ನಾಟಕ ಬೇಡ. ಕರ್ಟ್ ಹೇಳಿದ್ನಾ? ಬಾಯಿ ಬಿಡಬೇಡ ಅಂತ ಅವನಿಗೆ ಆಣೆ ಹಾಕಿಸಿದ್ದೆ." ಅವಳ ದನಿ ಒಡೆಯಿತು. "ಹೋದ ಸಲಾನೂ ಹೀಗೇ. ನೀನು ಟೋಪಿ ಹೆಣೆದೆ, ಚರ್ಚಲ್ಲೆಲ್ಲ ಹೇಳ್ಕೊಂಡು ಬಂದೆ. ಆಮೇಲೆ ಒಬ್ಬೊಬ್ಬರಿಗೂ 'ಇಲ್ಲ, ಹೋಯ್ತು' ಅಂತ ಹೇಳಿದ್ದು ನಾನು. ಏನೂ ತರ್ಬೇಡಿ ಅಂದಿರ್ಲಿಲ್ವಾ?"

ವರ್ನಾಳ ಕೈಯ ಕಾಫಿ ಅಲ್ಲೇ ನಿಂತಿತು. ಮೂವತ್ತೊಂಬತ್ತು ವರ್ಷದ ಮಗಳು. ಎರಡು ಬಾರಿ ಬಸಿರು ನಿಂತು, ಎರಡು ಬಾರಿಯೂ ಹೋದದ್ದು. ಮಗಳ ಮನಸ್ಸನ್ನು ಅವಳು ಹೇಳದೆಯೇ ತಾಯಿ ಅರಿತಳು ಎಂದು ಸುಮ್ಮನೆ ಒಪ್ಪಿಕೊಂಡುಬಿಡಬಹುದಿತ್ತು. ಆದರೆ ಡೀನಾ ಅದನ್ನು ನಂಬದೆ, ಪಾಪ, ಅಳಿಯ ಕರ್ಟನೇ ಆಣೆ ಮುರಿದ ಅಂದುಕೊಳ್ಳುತ್ತಿದ್ದಳು.

"ಡೀನಾ, ಇದು ನಿಂಗಲ್ಲ," ಎಂದಳು. "ನಂಗೆ. ನಂಗೆ ಮೂವತ್ತನಾಲ್ಕು ವರ್ಷ. ನಾಲ್ಕು ತಿಂಗಳ ಮಗು ಇದೆ."

ಡೀನಾ ತಂದೆಯ ಕಡೆ ತಿರುಗಿದಳು. ಅಮ್ಮನ ತಲೆ ನೆಟ್ಟಗಿದೆಯೇ ಎಂಬಂತೆ.

"ಪಾಯಿಂಟಿಗೋಸ್ಕರ ಸುಳ್ಳು ಹೇಳಿದಾಳೆ ಕಣೇ," ಎಂದ ಲಾಯ್ಡ್. "ನಂಗೂ ಕೂದ್ಲು ಬರ್ಸಿದಾಳೆ."

ವರ್ನಾ ಕೆಂಪಗಾಗಿ ಎಲ್ಲವನ್ನೂ ಹೇಳಿದಳು, ಪಾತ್ರೆಯ ಸಂಗತಿಯೊಂದನ್ನು ಬಿಟ್ಟು. ಕೇಳುತ್ತ ಕೇಳುತ್ತ ಡೀನಾಳ ತುಟಿಯಂಚು ಅದುರಿತು. ನಕ್ಕಳು. ನಗು ಹಿಡಿಯಲಾರದೆ ಕುರ್ಚಿ ಎಳೆದು ಕೂತಳು. ಅದು ಯಾವಾಗ ಅಳುವಾಯಿತೋ ಯಾರಿಗೂ ತಿಳಿಯಲಿಲ್ಲ. ವರ್ನಾ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

"ಎಷ್ಟು ವಾರ?"

"ಹದಿನೈದು. ಇಷ್ಟು ದೂರ ಯಾವತ್ತೂ ಬಂದಿರ್ಲಿಲ್ಲ."

"ನಾನು ಯಾರಿಗೂ ಹೇಳಲ್ಲ."

"ನೀನು ಹೇಳ್ತೀಯ."

"ಸಾಯೋತನಕ ಹೇಳಲ್ಲ. ಇವನ್ನೂ ಈಗ್ಲೇ ತೆಗೆದಿಡ್ತೀನಿ," ಎಂದು ವರ್ನಾ ಮೇಜಿಗೆ ಕೈ ಹಾಕಿದಳು.

ಡೀನಾ ಮೂಗೊರೆಸಿಕೊಂಡು ಅಮ್ಮನ ಕೈಯನ್ನು ತಡೆದಳು. ಆಮೇಲೆ, "ಅಪ್ಪ, ಯಾವುದು ಕಮ್ಮಿ ಸೋರತ್ತೆ?" ಎಂದಳು.

ಲಾಯ್ಡ್ ಗಂಭೀರವಾಗಿ ತನ್ನ ಹಾಳೆಯನ್ನು ಅವಳ ಮುಂದೆ ಸರಿಸಿದ. "ಎರಡನೇದು. ತೊಡೆ ಹತ್ರ ಚೆನ್ನಾಗಿ ಹಿಡಿಯತ್ತೆ. ಮುಟ್ಟಿ ನೋಡು, ಒಣಗಿದಂಗೇ ಇದೆ."

ಡೀನಾ ಅಂಗೈ ಇಟ್ಟು ನೋಡಿದಳು. ಕೈಯನ್ನು ಬೇಗ ತೆಗೆಯಲಿಲ್ಲ.

ಅವಳು ಹೋದ ಮೇಲೆ ವರ್ನಾ ವರದಿ ತುಂಬಲು ಕೂತಳು. ಲಾಯ್ಡ್‌ನ ಲೆಕ್ಕವೆಲ್ಲ ಸಿದ್ಧವಿತ್ತು. ನಿಮ್ಮ ಮಗು ಈ ವಾರ ಹೇಗಿದೆ ಎಂದು ಮೊದಲ ಪ್ರಶ್ನೆ. ಎರಡು ತಿಂಗಳಿಂದ ಆ ಮಗುವಿಗೆ ಕೆಮ್ಮು ಬರಿಸಿದ್ದಳು, ಹಲ್ಲು ಹುಟ್ಟಿಸಿದ್ದಳು. ಇವತ್ತು ಬೆರಳು ಏಳಲಿಲ್ಲ. ತುಸು ಹೊತ್ತು ನೋಡಿ, ವರದಿ ಕಳಿಸದೆಯೇ ಟ್ಯಾಬನ್ನು ಆರಿಸಿಟ್ಟಳು. ಬಿಚ್ಚದೆ ಉಳಿದ ಡೈಪರುಗಳನ್ನು ಲಾಯ್ಡ್ ಸೋಮವಾರ ಚರ್ಚಿನ ದಾನದ ಕೋಣೆಗೆ ಕೊಟ್ಟುಬಂದ. ಯಾರ ಮಗುವಿಗೆ ಎಂದು ಅಲ್ಲಿಯವರು ಕೇಳಿದ್ದಕ್ಕೆ, ನಮ್ಮನೆಯದು ಬೇಗ ಬೆಳೆದುಬಿಡ್ತು ಎಂದನಂತೆ.

ಕ್ರಿಸ್‌ಮಸ್‌ಗೆ ಡೀನಾಗೆ ಸಿಕ್ಕಿದ್ದು ಕೆಂಪು ಪಾತ್ರೆಯಲ್ಲ, ಇದ್ದಬದ್ದ ಪಾಯಿಂಟಿಗೆ ಬಂದ ಒಂದು ಜೊತೆ ಉಣ್ಣೆಯ ಕಾಲುಚೀಲ. ಅವಳು ಆಗಲೇ ಹಾಕಿಕೊಂಡಳು. ಹ್ಯಾಮು, ಆಲೂಗಡ್ಡೆ, ಎರಡೆರಡು ಸಲ ಬಡಿಸಿಕೊಂಡು ತಿಂದಳು. ಹದಿನೆಂಟನೆಯ ವಾರ ಎಂದು ಅಮ್ಮನ ಕಿವಿಯಲ್ಲಿ ಮಾತ್ರ ಹೇಳಿದಳು. ಮೊಮ್ಮಕ್ಕಳು ಹೊರಗೆ ಹಿಮದಲ್ಲಿ ಹೊರಳುತ್ತಿದ್ದಾಗ ಅವಳು ಸೋಫಾದ ಮೇಲೆ ಹಾಗೇ ನಿದ್ದೆಹೋದಳು.

ವರ್ನಾ ತಟ್ಟೆ ಒರೆಸುತ್ತ ಬಾಗಿಲಿಗೆ ಬಂದು ನೋಡಿದಳು. ಟೀವಿಯಲ್ಲಿ ಫುಟ್‌ಬಾಲು ಬರುತ್ತಿತ್ತು, ಸದ್ದಿರಲಿಲ್ಲ. ಲಾಯ್ಡ್ ಕುರ್ಚಿಯ ತುದಿಗೆ ಸರಿದು ಕೂತಿದ್ದ. ಅವನ ತಂಡ ಗೆರೆ ದಾಟಿ ಅಂಕ ಗಳಿಸಿರಬೇಕು. ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು, ಮಲಗಿದ್ದ ಮಗಳ ಕಡೆ ಒಮ್ಮೆ ನೋಡಿ, ಅವನು ಎರಡೂ ಕೈಗಳನ್ನು ಮೆಲ್ಲಗೆ ತಲೆಯ ಮೇಲೆತ್ತಿದ.