ಮೂಗಿನ ತುದಿ

ಹೊಳೆಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಂಪ್ಲಿಯ ತವರು ಓಣಿಯಿಂದ ಹೊಸಪೇಟೆಯ ಗಂಡನ ಮನೆಯವರೆಗೆ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳದೆ ಏನು ಮಾಡಿಯಾರು? ಮದುವೆಯ ಹಂದರದಲ್ಲೇ ಫೋಟೋದವನಿಗೆ "ಇನ್ನ ಎಷ್ಟ್ ಸಲ ನಗ್ಬೇಕಲೇ?" ಎಂದು ಗದರಿದ ಹೆಣ್ಣು ಅದು. ಅದೇ ಮೂಗಿನ ತುದಿಯಲ್ಲಿ ಸಿಟ್ಟಿನ ಪಕ್ಕಕ್ಕೇ ಉಸಿರು ಎಂಬುದೊಂದು ವಾಸವಾಗಿದೆ ಎನ್ನುವುದು ಅವಳಿಗೆ ಮೂವತ್ತು ದಾಟುವವರೆಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಕ್ರೇನಿನ ದೆಸೆಯಿಂದ.

ತೋರಣಗಲ್ಲು ದಾಟಿ ಸಂಡೂರಿನ ಕಡೆ ಹೊರಳಿದರೆ ಕಬ್ಬಿಣದ ತೊಲೆ, ಪ್ಲೇಟುಗಳನ್ನು ಜೋಡಿಸುವ ಒಂದು ದೊಡ್ಡ ಶೆಡ್ಡು ಸಿಗುತ್ತದೆ. ಹೊಳೆಮ್ಮ ಅಲ್ಲಿ ಕಾಂಟ್ರ್ಯಾಕ್ಟ್ ಹೆಲ್ಪರ್. ಮಾಡಿನ ಕೆಳಗೆ ಹಳಿಗಳ ಮೇಲೆ ಓಡಾಡುವ ಕ್ರೇನಿನ ಕೊಕ್ಕೆಗೆ ನೆಲದಲ್ಲಿ ನಿಂತು ಸರಪಳಿ ಸಿಗಿಸುವುದು, ಬಿಚ್ಚುವುದು ಅವಳ ಕೆಲಸ. ವರ್ಷಗಟ್ಟಲೆ ಮೇಲೆ ನೋಡಿ ಕತ್ತು ನೋಯಿಸಿಕೊಂಡವಳಿಗೆ ಇದ್ದದ್ದು ಒಂದೇ ಆಸೆ. ಕ್ರೇನಿನ ಆ ಗಾಜಿನ ಗೂಡಿನಲ್ಲಿ ತಾನು ಕೂರಬೇಕು, ಮಿಕ್ಕವರು ಕೆಳಗೆ ನಿಂತು ತನ್ನ ಕಡೆ ಕತ್ತೆತ್ತಬೇಕು. ಹೆಣ್ಣುಮಕ್ಕಳಿಗೂ ಕ್ರೇನ್ ಕಲಿಸುತ್ತೇವೆ ಎಂದು ಆಫೀಸಿನವರು ಹೇಳಿದ ದಿನ ಮೊದಲು ಕೈ ಎತ್ತಿದವಳು ಅವಳೇ. ಕಲಿತಳು ಕೂಡ. ಟೆಸ್ಟಿನಲ್ಲಿ ಮಾತ್ರ ಎಡವಟ್ಟಾಯಿತು.

ಕ್ರೇನು ನಿಂತರೂ ಅದಕ್ಕೆ ನೇತುಬಿದ್ದ ಲೋಡು ಒಮ್ಮೆಲೇ ನಿಲ್ಲುವುದಿಲ್ಲ, ತೊಟ್ಟಿಲಿನ ಹಾಗೆ ಹೋಗಿ ಬಂದು ಮಾಡುತ್ತದೆ. ಅದನ್ನು ಕಂಡರೆ ಹೊಳೆಮ್ಮನಿಗೆ ಮೈಯೆಲ್ಲ ಉರಿ. ನಾನು ನಿಲ್ಲಿಸಿದ ಮೇಲೆ ನೀನು ನಿಲ್ಲಬೇಕು, ಅಷ್ಟೇ! ಹಲ್ಲು ಕಚ್ಚಿ ಲಿವರನ್ನು ಆ ಕಡೆ ಎಳೆದಳು, ಈ ಕಡೆ ಎಳೆದಳು. ಎಳೆದಷ್ಟೂ ತೂಗಾಟ ಜೋರಾಗಿ ಲೋಡು ಕಂಬಕ್ಕೆ ಢಣ್ ಎಂದು ಬಡಿಯಿತು. ಯಾರಿಗೂ ಏನೂ ಆಗಲಿಲ್ಲ, ಸದ್ದು ಮಾತ್ರ ಶೆಡ್ಡಿನ ತುಂಬ ಕೇಳಿಸಿತು.

"ನಾ ಮೊದ್ಲ ಹೇಳಿದ್ನಿಲ್ಲ?" ಎಂದ ಸೂಪರ್‌ವೈಸರ್ ಲಿಂಗರಾಜ್, ಎಲ್ಲರ ಕಿವಿಗೂ ಬೀಳುವಂತೆ. "ಇದು ಹೆಣ್ಮಕ್ಕಳ ಕೈಯಾಗಿನ ಕೆಲ್ಸ ಅಲ್ಲ. ಇನ್ನ ಉಳದೋರ್ನ ಕಲಿಯಾಕ ಕಳ್ಸೋದ ಬ್ಯಾಡ."

ಉಳಿದವರೆಂದರೆ ಹೊಳೆಮ್ಮನ ಹಿಂದೆ ಹೆಸರು ಕೊಟ್ಟು ಕಾದಿದ್ದ ಹೇಮಾ ಮತ್ತು ಅವಳ ಜೊತೆಯವರು. ಟೆಸ್ಟು ತೆಗೆದುಕೊಳ್ಳುವ ಹಿರಿಯ ಆಪರೇಟರ್ ಕೊಟ್ರಯ್ಯ ಮೀಸೆ ಸವರಿಕೊಂಡು ನಿಧಾನಕ್ಕೆ ಹೇಳಿದ: "ಇನ್ನೊಂದ್ ಚಾನ್ಸ್ ಕೊಡೋಣು. ಆದ್ರ ಹೊಳೆಮ್ಮ, ಸ್ವಿಂಗ್ ಆಗಾದು ಲೋಡಲ್ಲ, ನೀನು. ಮೊದ್ಲ ನೀ ನಿಂದ್ರಾದು ಕಲಿ."

ಇನ್ನೊಂದು ಸಲ ಫೇಲಾದರೆ ಬಾಗಿಲು ತನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಮುಚ್ಚುತ್ತದೆ ಎಂಬುದು ಅವಳಿಗೆ ಚೆನ್ನಾಗಿ ತಿಳಿಯಿತು. ಮನೆಗೆ ಬಂದವಳೇ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಗಂಡ ಹನುಮೇಶ್, ಹಂಪಿ-ಕಮಲಾಪುರದ ಕಡೆ ಆಟೋ ಓಡಿಸುವವನು. ಅವನ ಅಪ್ಪನ ಕಾಲಕ್ಕೇ ಬೌದ್ಧರಾದ ಮನೆ ಅದು. ಪಡಸಾಲೆಯ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಅತ್ತೆ ಸುಂಕಲಮ್ಮ ಮಾತ್ರ ಅಡಿಗೆಮನೆಯ ಮೂಲೆಯಲ್ಲಿ ಹುಲಿಗೆಮ್ಮ ದೇವಿಯ ಪೂಜೆಯನ್ನೂ ಬಿಟ್ಟಿರಲಿಲ್ಲ. "ಅವ್ರಿಬ್ರೂ ಜಗಳ ಆಡಾದಿಲ್ಲ, ನಡುವ ನಿಮ್ದೇನ್ರಲೇ?" ಎನ್ನುತ್ತಿದ್ದಳು. ಹೊಳೆಮ್ಮನಿಗೆ ಬುದ್ಧನೆಂದರೆ ವಾರಕ್ಕೊಮ್ಮೆ ಧೂಳು ಒರೆಸಬೇಕಾದ ಫೋಟೋ, ಅಷ್ಟೇ.

"ಭಾನುವಾರ ವಿಹಾರಕ್ಕ ಬಾ," ಎಂದ ಹನುಮೇಶ್. "ಮಾರೆಪ್ಪ ಮಾಮ ಧ್ಯಾನ ಹೇಳಿಕೊಡ್ತಾನ. ತಲಿ ತಣ್ಣಗಾಕ್ಕತಿ."

"ನನ್ ತಲಿ ತಣ್ಣಗ ಐತಿ!" ಎಂದು ಪಕ್ಕದ ಮನೆಗೂ ಕೇಳುವಂತೆ ಕಿರುಚಿ, ಹೊಳೆಮ್ಮ ಬರಲು ಒಪ್ಪಿದಳು.

ವಿಹಾರವೆಂದರೆ ತಗಡಿನ ಮಾಡಿನ ಒಂದು ಕೋಣೆ, ಒಂದು ಬುದ್ಧನ ಮೂರ್ತಿ, ನಾಲ್ಕು ಜಮಖಾನೆ. ಹೇಳಿಕೊಡುವ ಮಾರೆಪ್ಪ ರಿಟೈರ್ ಆದ ಬಸ್ ಕಂಡಕ್ಟರ್. ಎಲ್ಲರೂ ಕೂತ ಮೇಲೆ ಅವನು ಮೆಲ್ಲಗೆ ಶುರುಮಾಡಿದ: "ಬೆನ್ನು ನೆಟ್ಟಗ ಮಾಡ್ರಿ. ಕಣ್ಣು ಮುಚ್ರಿ. ಲಕ್ಷ್ಯ ಮೂಗಿನ ತುದಿಗೆ ಇರ್ಲಿ. ಈಗ ಉಸಿರು ಹಿಡೀರಿ. ಬಿಡಬ್ಯಾಡ್ರಿ."

ಮೊದಲಿಂದಲೂ ಬರುವವರಿಗೆ ಅದರ ಅರ್ಥ ಗೊತ್ತಿತ್ತು: ಉಸಿರಿನ ಮೇಲಿನ ಲಕ್ಷ್ಯ ಬಿಡಬೇಡಿ ಎಂದು. ಹೊಳೆಮ್ಮನೋ ಹೊಳೆ ದಂಡೆಯಲ್ಲಿ ಬೆಳೆದವಳು. ಕಂಪ್ಲಿಯ ತುಂಗಭದ್ರೆಯಲ್ಲಿ ಉಸಿರು ಹಿಡಿದು ಮುಳುಗುವ ಪಂದ್ಯ ಕಟ್ಟಿ ಗಂಡುಹುಡುಗರನ್ನೇ ಸೋಲಿಸಿದವಳು. ಅವಳಿಗೆ ಉಸಿರು ಹಿಡಿ ಎಂದರೆ ಇನ್ನೇನು ಅರ್ಥವಾಗಬೇಕು? ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಬಿಗಿದು, ಹಿಡಿದೇ ಹಿಡಿದಳು. ಮಾರೆಪ್ಪ ಶಾಂತವಾಗಿ "ಬಿಡಬ್ಯಾಡ್ರಿ" ಎಂದಾಗಲೆಲ್ಲ ಇನ್ನಷ್ಟು ಬಿಗಿದಳು. ಮುಖ ಕೆಂಪಾಯಿತು, ಕಿವಿ ಗುಂಯ್‌ಗುಟ್ಟಿತು. ಕೊನೆಗೆ ಬುಸ್ಸೆಂದು ಉಸಿರು ಬಿಟ್ಟು ಪಕ್ಕದಲ್ಲಿದ್ದ ಅತ್ತೆಯ ತೊಡೆಯ ಮೇಲೆ ಉರುಳಿಕೊಂಡಳು.

"ಯವ್ವಾ! ನನ್ ಸೊಸಿ ಸತ್ಲು!" ಎಂದು ಸುಂಕಲಮ್ಮ ಹಾಕಿದ ಕೂಗಿಗೆ ಇಡೀ ಕೋಣೆಯ ಧ್ಯಾನ ಹಾರಿಹೋಯಿತು.

ಸಂಗತಿ ತಿಳಿದ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಳೆಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹಿಡೀರಿ ಅಂದೋರು ನೀವು. ಎಷ್ಟೊತ್ತು ಹಿಡೀಬೇಕು ಅಂತ ಹೇಳಾದು ಬ್ಯಾಡೇನ್ರಿ?"

"ತಪ್ಪು ನಂದವ್ವಾ," ಎಂದು ಮಾರೆಪ್ಪ ಕಣ್ಣೊರೆಸಿಕೊಂಡ. "ಹಿಡಿ ಅಂದ್ರ ಕುತ್ತಿಗಿ ಹಿಡದಂಗಲ್ಲ, ದಾರಿ ಹಿಡದಂಗ. ದಾರಿ ಹಿಡದೋರು ದಾರೀನ ಮುಷ್ಟ್ಯಾಗ ಇಟ್ಗಂತಾರೇನು? ಅದು ಹೋದಂಗ ಹೋಗ್ತಾರ. ಉದ್ದ ಉಸಿರು ಬಂತಾ, ಉದ್ದ ಬಂತು ಅಂತ ತಿಳ್ಕ. ಗಿಡ್ಡ ಬಂತಾ, ಗಿಡ್ಡ ಬಂತು ಅಂತ ತಿಳ್ಕ. ಎಳೀಬ್ಯಾಡ, ನೂಕಬ್ಯಾಡ."

ಕೇಳಿದ್ದು ಕಿವಿಗೆ ಹೋಯಿತು, ಮೈಗೆ ಇಳಿಯಲಿಲ್ಲ. ಹೊಳೆಮ್ಮ ಏನು ಮಾಡಿದರೂ ಹಟ ಹಿಡಿದೇ ಮಾಡುವವಳು. ಬೆಳಿಗ್ಗೆ ಕಂಪನಿ ಬಸ್ಸು ಬರುವ ಮೊದಲು ಮಾಳಿಗೆಯ ಮೇಲೆ ಹುಬ್ಬು ಗಂಟಿಕ್ಕಿ ಕೂತು, ಮೂಗಿನ ತುದಿಯನ್ನು ಪೊಲೀಸರು ಕಳ್ಳನನ್ನು ಕಾಯುವಂತೆ ಕಾಯತೊಡಗಿದಳು. ತಲೆ ಸಿಡಿಯತೊಡಗಿತು. ಓಣಿಯಲ್ಲಿ "ಸೊಪ್ಪೇ" ಎಂದವಳ ಮೇಲೆ "ಶಾಂತಿಯಿಂದ ಕುಂದ್ರಾಕ ಬಿಡ್ತೀರೇನ್ ಇಲ್ಲಾ?" ಎಂದು ಹರಿಹಾಯ್ದಳು. ಭಾಳ ಬಿಗಿ ಆಯ್ತು, ಸ್ವಲ್ಪ ಸಡಿಲ ಬಿಡು ಎಂದ ಮಾರೆಪ್ಪ. ಬಿಟ್ಟಳು. ಗೋಡೆಗೆ ಒರಗಿದವಳು ಗೊರಕೆ ಹೊಡೆಯತೊಡಗಿದಳು.

"ಬರ್ರಿ, ನೋಡ್ರಿ," ಎಂದು ಸುಂಕಲಮ್ಮ ನೆರೆಯವರನ್ನೆಲ್ಲ ಕರೆದಳು. "ನಮ್ ಹೊಳೆಮ್ಮ ನಿರ್ವಾಣ ಮುಟ್ಟ್ಯಾಳ!"

ಅವರು ನಕ್ಕರು, ಹೊಳೆಮ್ಮನಿಗೆ ಅಳು ಬಂತು. ಟೆಸ್ಟಿನ ದಿನ ಹತ್ತಿರ ಬರುತ್ತಿತ್ತು. ಬಸ್ ಸ್ಟಾಪಿನಲ್ಲಿ ಹೇಮಾ ದಿನಾ "ಅಕ್ಕಾ, ಈ ಸಲ ಆಕ್ಕತಿ ಹೌದಿಲ್ಲ?" ಎಂದು ಕೇಳುವಳು. ಆ ಹುಡುಗಿಯ ಕಣ್ಣಲ್ಲಿದ್ದ ಆಸೆ ನೋಡಲಾರದೆ ಹೊಳೆಮ್ಮ ಬಸ್ಸು ಬರುವ ದಾರಿ ನೋಡುವಳು. ಬಿಗಿ ಹಿಡಿದರೆ ತಲೆನೋವು, ಸಡಿಲ ಬಿಟ್ಟರೆ ನಿದ್ದೆ. ಈ ಎರಡರ ನಡುವೆ ಇರುವುದು ಎಲ್ಲಿ ಎಂದು ಯಾವ ಪುಣ್ಯಾತ್ಮನೂ ಬೆರಳಿಟ್ಟು ತೋರಿಸಲಿಲ್ಲ.

ಬುದ್ಧ ಪೂರ್ಣಿಮೆಗೆ ಕಂಪ್ಲಿಯಲ್ಲಿ ಕಾರ್ಯಕ್ರಮವಿತ್ತು. ಹೊಸಪೇಟೆಯಲ್ಲಿ ಹತ್ತಿದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸುಂಕಲಮ್ಮ ಹೇಗೋ ಸೀಟು ಹೊಡೆದುಕೊಂಡಳು. ಹೊಳೆಮ್ಮ ಮೇಲಿನ ಕಂಬಿಗೆ ಜೋತುಬಿದ್ದಳು. ಮಾರೆಪ್ಪ ಮಾತ್ರ ನಡುವೆ ಎರಡೂ ಕೈ ಹಿಂದೆ ಕಟ್ಟಿಕೊಂಡು, ತನ್ನ ಮನೆಯ ಅಂಗಳದಲ್ಲಿ ನಿಂತವರ ಹಾಗೆ ನಿಂತಿದ್ದ.

"ಮಾಮ, ಕಂಬಿ ಹಿಡೀರಿ, ಬೀಳ್ತೀರಿ!"

"ಸರ್ವೀಸಿನ ತುಂಬ ಹಿಡದಿಲ್ಲವ್ವಾ. ಒಂದ್ ಕೈಯಾಗ ಟಿಕೆಟು, ಒಂದ್ ಕೈಯಾಗ ಚಿಲ್ರ. ಮೂರ್ನೇ ಕೈ ಎಲ್ಲಿಂದ ತರ್ಲಿ?"

ಹೊಳೆಮ್ಮನಿಗೆ ಛಲ ಬಂತು. ತಾನೂ ಕಂಬಿ ಬಿಟ್ಟಳು. ಕಾಲು ಬಿಗಿದು ಗೂಟದ ಹಾಗೆ ನಿಂತಳು. ಮೊದಲ ಬ್ರೇಕಿಗೇ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿನ ಮಡಿಲಿಗೆ ಬಿದ್ದಳು. ಎದ್ದು, ಈ ಸಲ ಮೈಯೆಲ್ಲ ಸಡಿಲ ಬಿಟ್ಟು ನಿಂತಳು. ತಿರುವಿನಲ್ಲಿ ಮತ್ತೆ ಅದೇ ಮಡಿಲು.

"ತಂಗಿ, ಕುಂದ್ರಾದಿದ್ರ ಕೇಳಿ ಕುಂದ್ರು! ನನ್ ಹಣ್ಣೆಲ್ಲ ಪಾಯಸ ಮಾಡ್ಬ್ಯಾಡ!" ಎಂದಳು ಆ ಹೆಂಗಸು.

ಹೊಳೆಮ್ಮ ನಾಚಿಕೊಂಡು ಮಾರೆಪ್ಪನ ಕಾಲುಗಳನ್ನು ನೋಡಿದಳು. ಮೊಣಕಾಲು ಚೂರೇ ಚೂರು ಬಾಗಿದ್ದವು. ಬಸ್ಸು ಎಡಕ್ಕೆ ವಾಲಿದರೆ ಮುದುಕ ಎಡಕ್ಕೆ ಹೋಗುತ್ತಿದ್ದ, ಅದು ಬಂದಾಗ ಬರುತ್ತಿದ್ದ. ಹೋಗುವಾಗ ತಡೆಯುತ್ತಿರಲಿಲ್ಲ, ಬರುವಾಗ ಅವಸರಿಸುತ್ತಿರಲಿಲ್ಲ. ಅವಳೂ ಮೊಣಕಾಲು ಮಡಿಸಿದಳು. ಕಮಲಾಪುರದ ಕೆರೆ ಏರಿಯ ಹತ್ತಿರ ಬಸ್ಸು ವಾಲಿತು. ಅವಳು ಅದರ ಜೊತೆಗೆ ಹೋದಳು, ಅದರ ಜೊತೆಗೆ ಬಂದಳು, ಬೀಳಲಿಲ್ಲ. ಆ ಗಳಿಗೆಯಲ್ಲೇ ಮೂಗಿನ ತುದಿಯಲ್ಲಿ ಏನೋ ತಣ್ಣಗೆ ಒಳಗೆ ಹೋಗಿ ಬೆಚ್ಚಗೆ ಹೊರಗೆ ಬಂದದ್ದು ಗೊತ್ತಾಯಿತು. ಯಾರೂ ಹಿಡಿದಿರಲಿಲ್ಲ, ಯಾರೂ ಬಿಟ್ಟಿರಲಿಲ್ಲ. ಅದು ತನ್ನ ಪಾಡಿಗೆ ಬರುತ್ತಿತ್ತು, ಅವಳು ನೋಡುತ್ತಿದ್ದಳು. ಮಳೆಯಲ್ಲಿ ನೆನೆಯುವ ಮಗುವಿಗೆ ಬರುವಂಥ ನಗು ಅವಳಿಗೆ ಬಂತು.

ಬಸ್ಸು ಕಮಲಾಪುರದಲ್ಲಿ ನಿಂತಾಗಲೂ ಅವಳು ನಗುತ್ತಲೇ ಇದ್ದಳು. ಆ ಮುಖ ನೋಡಿದ ಮಾರೆಪ್ಪನಿಗೆ ಎಲ್ಲ ತಿಳಿದುಹೋಯಿತು. ಖುಷಿ ತಡೆಯಲಾರದೆ, ಹಳೆಯ ರೂಢಿಯ ಗಂಟಲಿನಲ್ಲಿ "ರೈಟ್!" ಎಂದ.

ಡ್ರೈವರ್ ಗಾಡಿ ಎಬ್ಬಿಸಿಯೇ ಬಿಟ್ಟ. ಕೆಳಗಿಳಿದು ಚಹಾ ಕುಡಿಯುತ್ತಿದ್ದ ನಿಜವಾದ ಕಂಡಕ್ಟರ್ "ಹೋಲ್ಡಾನ್! ಹೋಲ್ಡಾನ್ ಲೇ!" ಎಂದು ಕಪ್ಪು ಹಿಡಿದುಕೊಂಡೇ ಹಿಂದೆ ಓಡಿದ. ಕಂಪ್ಲಿ ಬರುವವರೆಗೆ ಬಸ್ಸಿನಲ್ಲಿ ನಗುವೋ ನಗು.

ಟೆಸ್ಟಿನ ದಿನ ಬಂತು. ಶೆಡ್ಡಿನ ಆ ತುದಿಯಲ್ಲಿ ಸುಣ್ಣದಲ್ಲಿ ಒಂದು ವೃತ್ತ ಎಳೆದಿದ್ದರು. ಈ ತುದಿಯಿಂದ ಕಾಂಕ್ರೀಟಿನ ದಿಮ್ಮಿ ಎತ್ತಿ ಅದರೊಳಗೆ ಇಳಿಸಬೇಕು. ಲಿಂಗರಾಜ್ ಕೈಕಟ್ಟಿ ನಿಂತಿದ್ದ. ಹೇಮಾ ಮತ್ತು ಅವಳ ಜೊತೆಯವರು ಹಳದಿ ಗೆರೆಯ ಆಚೆ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು.

ಹೊಳೆಮ್ಮ ದಿಮ್ಮಿ ಎತ್ತಿ ಹೊರಟಳು. ಅರ್ಧ ದಾರಿಯಲ್ಲಿ, ಟೆಸ್ಟಿನ ಪದ್ಧತಿಯಂತೆ, ಕೊಟ್ರಯ್ಯ ಇದ್ದಕ್ಕಿದ್ದಂತೆ ಎರಡೂ ಕೈ ಚಾಚಿ ನಿಲ್ಲಿಸು ಎಂದು ಸನ್ನೆ ಮಾಡಿದ. ಅವಳು ನಿಲ್ಲಿಸಿದಳು. ದಿಮ್ಮಿ ನಿಲ್ಲಲಿಲ್ಲ. ಮುಂದಕ್ಕೆ ತೂಗಿತು, ಹಿಂದಕ್ಕೆ ತೂಗಿತು.

ಸಿಟ್ಟು ಸರಿಯಾಗಿ ಮೂಗಿನ ತುದಿಗೆ ಬಂದು ಕೂತಿತು. ಹಲ್ಲು ಕಚ್ಚಿಕೊಂಡವು, ಕೈ ಲಿವರನ್ನು ಹಿಸುಕಿತು. 'ಬಂದಿಯಾ? ಬಾ, ಕುಂದ್ರು,' ಎಂದಳು ಮನಸ್ಸಿನಲ್ಲೇ. 'ನೀ ಒಬ್ಬಾಕಿ ಇಲ್ಲ ಇಲ್ಲಿ.' ಸಿಟ್ಟಿನ ಪಕ್ಕದಲ್ಲೇ ಉಸಿರು ಇತ್ತು. ಗಿಡ್ಡ ಬಂತು. ಗಿಡ್ಡ ಬಂತು ಎಂದು ತಿಳಿದುಕೊಂಡಳು. ಮುಂದಿನದು ತಾನಾಗಿ ಉದ್ದವಾಯಿತು. ಹಲ್ಲು ಸಡಿಲವಾದವು. ಕೈ ಲಿವರಿನ ಮೇಲೆ ಇದ್ದೇ ಇತ್ತು, ಹಿಸುಕುವುದನ್ನು ಬಿಟ್ಟಿತ್ತು.

ಆಗ ಅವಳಿಗೆ ದಿಮ್ಮಿ ಸರಿಯಾಗಿ ಕಂಡಿತು. ಅದು ಅವಳ ವೈರಿ ಆಗಿರಲಿಲ್ಲ. ಹೋಗುತ್ತಿತ್ತು, ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು, ವಾಪಸು ಬರುತ್ತಿತ್ತು. ಅದು ಮತ್ತೆ ಮುಂದಕ್ಕೆ ಹೊರಟಾಗ ಲಿವರನ್ನು ಮೆತ್ತಗೆ ಒತ್ತಿ ಅದರ ಹಿಂದೆಯೇ ಹೋದಳು. ದಿಮ್ಮಿ ತುದಿ ಮುಟ್ಟುವ ಹೊತ್ತಿಗೆ ಕ್ರೇನು ನೆಟ್ಟಗೆ ಅದರ ನೆತ್ತಿಯ ಮೇಲಿತ್ತು. ಅಲ್ಲಿ ನಿಲ್ಲಿಸಿದಳು.

ದಿಮ್ಮಿ ನಿಂತಿತು. ಅಲುಗಾಡಲಿಲ್ಲ! ಅಲ್ಲಿಂದ ವೃತ್ತದವರೆಗೆ ಒಯ್ದು ಸುಣ್ಣದ ಗೆರೆ ಮುಟ್ಟದಂತೆ ಇಳಿಸಿದಳು.

"ಇನ್ನೊಮ್ಮಿ ಮಾಡ್ಲಿ," ಎಂದ ಲಿಂಗರಾಜ್. "ಒಮ್ಮಿ ಯಾರಿಗಾದ್ರೂ ಕುದುರ್ತತಿ. ಈ ಸಲ ಸಿಗ್ನಲ್ ನಾ ಕೊಡ್ತೀನಿ."

ಹೊಳೆಮ್ಮ ವಾಪಸು ಎತ್ತಿದಳು. ಕ್ರೇನಿನ ವೇಗ ಏರಿದಾಗ ಅವನು ಬೇಕೆಂತಲೇ ನಿಲ್ಲಿಸು ಎಂದು ಸನ್ನೆ ಮಾಡಿದ. ದಿಮ್ಮಿ ಮೊದಲಿಗಿಂತ ದೂರ ತೂಗಿತು. ಅವಳು ಅದರ ದಾರಿ ನೋಡಿದಳು, ಅದು ಹೋದಲ್ಲಿಗೆ ಹೋದಳು, ನೆತ್ತಿಯ ಮೇಲೆ ನಿಂತಳು. ಮತ್ತೆ ಎಲ್ಲ ಸ್ಥಿರ. ಹಳದಿ ಗೆರೆಯ ಆಚೆಯಿಂದ ಹೇಮಾ ಹಾಕಿದ ಶಿಳ್ಳೆಗೆ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ಸಾಕಾ, ಇನ್ನೂ ಬೇಕಾ ಲಿಂಗರಾಜ್?" ಎಂದು ಕೊಟ್ರಯ್ಯ ಕೇಳಿದ. ಲಿಂಗರಾಜ್ ಸಿಗ್ನಲ್ ಕೊಡುವ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

ಕೊಟ್ರಯ್ಯ ಕೆಳಗಿನಿಂದ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ಪಾಸ್! ಮಸ್ತ್ ಮಾಡಿದಿ! ಸ್ವಿಂಗ್ ಹೆಂಗ ಹಿಡದಿ ಅದನ್ನರೆ ಹೇಳು!"

"ಕುತ್ತಿಗಿ ಹಿಡೀಲಿಲ್ರಿ, ದಾರಿ ಹಿಡದೆ!" ಎಂದಳು ಹೊಳೆಮ್ಮ. ಕೊಟ್ರಯ್ಯನಿಗೆ ಅದು ಎಷ್ಟು ಅರ್ಥವಾಯಿತೋ, ಮೀಸೆಯೊಳಗೆ ನಕ್ಕ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಗಾಜಿನ ಗೂಡಿನಿಂದ ಬಗ್ಗಿ ನೋಡಿದಳು. ಇಡೀ ಶೆಡ್ಡು, ಲಿಂಗರಾಜ್ ಕೂಡ, ಕತ್ತೆತ್ತಿ ಅವಳನ್ನೇ ನೋಡುತ್ತಿತ್ತು. ಆಸೆಪಟ್ಟದ್ದು ಇದನ್ನೇ, ಆದರೂ ಅದಕ್ಕಿಂತ ಮೊದಲು ಅವಳ ಕಣ್ಣು ಹೇಮಾಳನ್ನು ಹುಡುಕಿತು.

"ಹೇಮಾ! ಏನ್ ನೋಡ್ತಾ ನಿಂತಿ? ನೆಕ್ಸ್ಟ್ ನಿಂದ ಪಾಳಿ. ಹೆಲ್ಮೆಟ್ ಹಾಕ್ಕಂಡು ಮ್ಯಾಲ ಬಾ, ಕಲಿಸ್ತೀನಿ!"

ಹೇಮಾ ಓಡಿ ಬಂದು ಏಣಿಗೆ ಕೈ ಹಾಕಿದಳು. ಅವಳು ಹತ್ತಿ ಬರುವವರೆಗೆ ಹೊಳೆಮ್ಮ ಕಾದಳು. ಉದ್ದ ಉಸಿರೊಂದು ಬಂತು, ಹೋಯಿತು. ಆಮೇಲೆ ಹಾರ್ನು ಒತ್ತಿ, ಮಾರೆಪ್ಪ ಮಾಮನ ಗಂಟಲಲ್ಲಿ, ಶೆಡ್ಡು ನಡುಗುವಂತೆ ಕೂಗಿದಳು:

"ರೈಟ್!"